ಎರಡು ಮಾತ್ರೆಗಳ ನಡುವೆ ಒಂದು ಗಂಟೆ ಅಂತರ ಕೊಟ್ಟರೆ ಸಾಕೇ? ದೇಹದೊಳಗೆ ಔಷಧಗಳು ಒಂದಕ್ಕೊಂದು ಅಡ್ಡ ಬರುವುದು ಹೇಗೆ?

‘ಇಂಗ್ಲಿಷ್ ಮಾತ್ರೆ ತಗೊಂಡು ಒಂದು ಗಂಟೆ ಬಿಟ್ಟು ಕಷಾಯ ಕುಡೀರಿ, ಏನೂ ಆಗಲ್ಲ.’ ‘ಎಲ್ಲಾ ಮಾತ್ರೆ ಒಟ್ಟಿಗೆ ನುಂಗಬೇಡಿ, ಅರ್ಧ ಗಂಟೆ ಅಂತರ ಇರಲಿ, ಸೈಡ್ ಎಫೆಕ್ಟ್ ಬರಲ್ಲ.’

ಇಂಥ ಸಲಹೆ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಫಾರ್ವರ್ಡ್ ಆಗಿ ಬರದಿದ್ದರೂ ಪಕ್ಕದ ಮನೆಯವರೋ ಸಂಬಂಧಿಕರೋ ಹೇಳಿರುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಎರಡು ಔಷಧ ಹೊಟ್ಟೆಯಲ್ಲಿ ಭೇಟಿಯಾಗದಿದ್ದರೆ ಜಗಳವಾದರೂ ಹೇಗೆ ಆದೀತು?

ಇದು ಅರ್ಧ ಸತ್ಯ. ಕೆಲವು ಔಷಧಗಳಿಗೆ ಅಂತರ ನಿಜವಾಗಿಯೂ ಬೇಕು, ಅದರಿಂದ ಉಪಯೋಗವೂ ಇದೆ. ಆದರೆ ಹೆಚ್ಚು ಅಪಾಯ ತರುವ ಜೋಡಿಗಳಲ್ಲಿ ಬಹಳಷ್ಟು ಹೊಟ್ಟೆಯಲ್ಲಿ ಭೇಟಿಯಾಗುವುದೇ ಇಲ್ಲ. ಅವು ಎದುರಾಗುವುದು ಲಿವರ್‌ನಲ್ಲಿ, ರಕ್ತದಲ್ಲಿ, ಕಿಡ್ನಿಯಲ್ಲಿ, ಹೃದಯದಲ್ಲಿ. ಅಲ್ಲಿ ಒಂದು ಗಂಟೆಯ ಅಂತರಕ್ಕೆ ಬೆಲೆಯಿಲ್ಲ. ಹೀಗೇಕೆ ಎಂಬುದನ್ನು ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ನುಂಗಿದ ಮಾತ್ರೆ ಎಲ್ಲಿಗೆ ಹೋಗುತ್ತದೆ?

ಮಾತ್ರೆ ಹೊಟ್ಟೆಯಲ್ಲಿ ಕರಗುತ್ತದೆ. ಸಣ್ಣ ಕರುಳಿನ ಗೋಡೆ ಅದನ್ನು ಹೀರಿಕೊಳ್ಳುತ್ತದೆ. ಅಲ್ಲಿಂದ ರಕ್ತದ ಮೂಲಕ ಮೊದಲು ಲಿವರ್‌ಗೆ, ಆಮೇಲೆ ಇಡೀ ದೇಹಕ್ಕೆ ಹೋಗುತ್ತದೆ. ತಲೆನೋವಿನ ಮಾತ್ರೆಗೆ ತಲೆಯ ವಿಳಾಸ ಗೊತ್ತಿಲ್ಲ. ಅದು ಕಾಲಿನ ಬೆರಳಿನವರೆಗೂ ಹೋಗಿ ಬರುತ್ತದೆ. ಕೊನೆಗೆ ಲಿವರ್ ಅದನ್ನು ಒಡೆಯುತ್ತದೆ, ಕಿಡ್ನಿ ಮೂತ್ರದಲ್ಲಿ ಹೊರಹಾಕುತ್ತದೆ. ಕೆಲವು ಔಷಧ ಮಲದ ಮೂಲಕವೂ ಹೊರಹೋಗುತ್ತದೆ.

ಇದಕ್ಕೆಲ್ಲ ಎಷ್ಟು ಹೊತ್ತು ಬೇಕು? ಒಂದೊಂದು ಔಷಧದ್ದು ಒಂದೊಂದು ಲೆಕ್ಕ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಬೇಕಾದ ಸಮಯವನ್ನು ಅದರ ‘ಅರ್ಧಾಯುಷ್ಯ’ ಎನ್ನುತ್ತಾರೆ. ಪ್ಯಾರಾಸಿಟಮಾಲ್‌ಗೆ ಇದು ಸುಮಾರು 2ರಿಂದ 3 ಗಂಟೆ. ಬಿ.ಪಿ.ಗೆ ಕೊಡುವ ಅಮ್ಲೋಡಿಪಿನ್‌ಗೆ 30ರಿಂದ 50 ಗಂಟೆ. ಇವತ್ತು ಬೆಳಿಗ್ಗೆ ನುಂಗಿದ ಅಮ್ಲೋಡಿಪಿನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ನಾಳೆ ಬೆಳಿಗ್ಗೆಯೂ ರಕ್ತದಲ್ಲೇ ಇರುತ್ತದೆ. ಔಷಧವೊಂದು ಬಹುಮಟ್ಟಿಗೆ ಖಾಲಿಯಾಗಲು ಸುಮಾರು ಐದು ಅರ್ಧಾಯುಷ್ಯ ಬೇಕು. ಆ ಲೆಕ್ಕದಲ್ಲಿ ಅಮ್ಲೋಡಿಪಿನ್ ಪೂರ್ತಿ ಹೋಗಲು ವಾರಕ್ಕೂ ಹೆಚ್ಚು ಬೇಕು.

ದಿನವೂ ಮಾತ್ರೆ ತೆಗೆದುಕೊಳ್ಳುವವರ ದೇಹದಲ್ಲಿ ಆ ಔಷಧ ಯಾವಾಗಲೂ ಇದ್ದೇ ಇರುತ್ತದೆ. ಹೀಗಿರುವಾಗ ಇನ್ನೊಂದು ಔಷಧವನ್ನು ಒಂದು ಗಂಟೆ ಬಿಟ್ಟು ನುಂಗಿದರೂ ಎರಡೂ ಭೇಟಿಯಾಗುತ್ತವೆ. ಭೇಟಿಯಾಗುವ ಜಾಗ ಮಾತ್ರ ಬೇರೆ.

ಎಲ್ಲ ಭೇಟಿಯೂ ಅಪಾಯವಲ್ಲ. ಹೆಚ್ಚಿನ ಔಷಧಗಳು ಒಂದರ ಪಕ್ಕ ಒಂದು ಸುಮ್ಮನೆ ಇರುತ್ತವೆ. ತೊಂದರೆ ಕೊಡುವ ಭೇಟಿಗಳು ಮುಖ್ಯವಾಗಿ ಮೂರು ಬಗೆ.

ಮೊದಲ ಬಗೆ: ಹೊಟ್ಟೆಯಲ್ಲಿ ಅಂಟಿಕೊಳ್ಳುವವು. ಇಲ್ಲಿ ಅಂತರ ಕೆಲಸ ಮಾಡುತ್ತದೆ

ಥೈರಾಯ್ಡ್ ಕೊರತೆಗೆ ಕೊಡುವ ಲೆವೊಥೈರಾಕ್ಸಿನ್ ಮಾತ್ರೆ ಇದಕ್ಕೆ ಸರಿಯಾದ ಉದಾಹರಣೆ. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ಬರೀ ನೀರಿನ ಜೊತೆ ತೆಗೆದುಕೊಳ್ಳಬೇಕು. ಜೊತೆಗೆ ಕ್ಯಾಲ್ಸಿಯಂ ಅಥವಾ ಕಬ್ಬಿಣಾಂಶದ ಮಾತ್ರೆ ನುಂಗಿದರೆ ಅವು ಹೊಟ್ಟೆಯಲ್ಲೇ ಥೈರಾಕ್ಸಿನ್‌ಗೆ ಅಂಟಿಕೊಳ್ಳುತ್ತವೆ. ಅಂಟಿಕೊಂಡ ಔಷಧವನ್ನು ಕರುಳು ಹೀರಲಾರದು. ಅದು ಮಲದಲ್ಲಿ ಹೊರಟುಹೋಗುತ್ತದೆ. ಮಾತ್ರೆ ತಪ್ಪದೆ ತೆಗೆದುಕೊಂಡರೂ ಟಿ.ಎಸ್.ಎಚ್. ಇಳಿಯುತ್ತಿಲ್ಲವಲ್ಲ ಎಂದು ಚಿಂತಿಸುವವರು ಮೊದಲು ಇದನ್ನು ನೋಡಿಕೊಳ್ಳಬೇಕು. ಥೈರಾಕ್ಸಿನ್‌ಗೂ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಕನಿಷ್ಠ 4 ಗಂಟೆ ಅಂತರ ಇರಬೇಕು.

ಆ್ಯಂಟಿಬಯಾಟಿಕ್‌ಗಳಲ್ಲೂ ಇಂಥವಿವೆ. ಸಿಪ್ರೊಫ್ಲಾಕ್ಸಾಸಿನ್ ಮತ್ತು ಡಾಕ್ಸಿಸೈಕ್ಲಿನ್‌ಗೆ ಕ್ಯಾಲ್ಸಿಯಂ, ಕಬ್ಬಿಣ, ಸತು, ಮೆಗ್ನೀಸಿಯಂ, ಅಲ್ಯೂಮಿನಿಯಂ ಅಂಟಿಕೊಳ್ಳುತ್ತವೆ. ಹೊಟ್ಟೆ ಉರಿಗೆ ಕುಡಿಯುವ ಗುಲಾಬಿ ಬಣ್ಣದ ಆ್ಯಂಟಾಸಿಡ್ ಸಿರಪ್‌ನಲ್ಲಿ ಸಾಮಾನ್ಯವಾಗಿ ಇರುವುದು ಈ ಕೊನೆಯ ಎರಡೇ. ‘ಆ್ಯಂಟಿಬಯಾಟಿಕ್ ತಗೊಂಡರೆ ಹೊಟ್ಟೆ ಉರಿಯುತ್ತೆ’ ಎಂದು ಜೊತೆಗೇ ಸಿರಪ್ ಕುಡಿದರೆ ಆ್ಯಂಟಿಬಯಾಟಿಕ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಸೋಂಕು ಹಾಗೇ ಉಳಿಯುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಅನ್ನು ಇಂಥ ಸಿರಪ್‌ಗೆ 2 ಗಂಟೆ ಮೊದಲು, ಇಲ್ಲವೇ ಅದಾಗಿ 6 ಗಂಟೆಯ ನಂತರ ನುಂಗಬೇಕು. ಒಂದು ಲೋಟ ಹಾಲಿನ ಜೊತೆ ನುಂಗುವುದೂ ಸರಿಯಲ್ಲ, ಕಾರಣ ಹಾಲಿನಲ್ಲಿರುವ ಕ್ಯಾಲ್ಸಿಯಂ.

‘ಅಂತರ ಕೊಡಿ’ ಎಂಬ ಮಾತು ಹುಟ್ಟಿದ್ದು ಇಂಥ ಔಷಧಗಳಿಂದ. ಇಲ್ಲಿ ಅದು ಸರಿ. ಆದರೆ ಗಮನಿಸಿ, ಇಲ್ಲೂ ಬೇಕಾದ ಅಂತರ ಅರ್ಧ ಗಂಟೆಯಲ್ಲ. ಔಷಧಕ್ಕೆ ತಕ್ಕಂತೆ 2, 4, 6 ಗಂಟೆ.

ಎರಡನೆಯ ಬಗೆ: ಲಿವರ್‌ನ ಗಿರಣಿ ಕೆಡಿಸುವವು. ಇಲ್ಲಿ ಅಂತರ ಕೆಲಸಕ್ಕೆ ಬಾರದು

ಊರಿಗೆಲ್ಲ ಒಂದೇ ಹಿಟ್ಟಿನ ಗಿರಣಿ ಇದೆ ಎಂದುಕೊಳ್ಳಿ. ಎಲ್ಲರ ಕಾಳೂ ಅಲ್ಲೇ ಬೀಸಬೇಕು. ಲಿವರ್ ಮತ್ತು ಕರುಳಿನ ಗೋಡೆಯಲ್ಲಿರುವ ಕಿಣ್ವಗಳು ಇಂಥ ಗಿರಣಿಗಳು. ಅವುಗಳಲ್ಲಿ ದೊಡ್ಡದು ‘ಸಿವೈಪಿ3ಎ4’ ಎಂಬ ಕಿಣ್ವ. ಇಂದು ಬಳಕೆಯಲ್ಲಿರುವ ಔಷಧಗಳ ದೊಡ್ಡ ಪಾಲನ್ನು ಒಡೆಯುವುದು ಇದೊಂದೇ.

ಒಂದು ಔಷಧ ಬಂದು ಗಿರಣಿಯ ಕಲ್ಲನ್ನೇ ಜಾಮ್ ಮಾಡಿದರೆ? ಇನ್ನೊಂದು ಔಷಧ ಬೀಸಿಸಿಕೊಳ್ಳದೆ ರಾಶಿ ಬೀಳುತ್ತದೆ. ನೀವು ನುಂಗಿದ್ದು ಒಂದೇ ಮಾತ್ರೆ, ರಕ್ತದಲ್ಲಿರುವುದು ಎರಡೋ ಮೂರೋ ಮಾತ್ರೆಯಷ್ಟು.

ಇದು ಆಗುತ್ತದೆಂದು ಜಗತ್ತಿಗೆ ಗೊತ್ತಾದ ಕಥೆಯಲ್ಲಿ ಒಂದು ಹಣ್ಣಿದೆ. 1989ರಲ್ಲಿ ಕೆನಡಾದ ಡೇವಿಡ್ ಬೇಲಿ ಮತ್ತು ಅವರ ಸಹೋದ್ಯೋಗಿಗಳು ಫೆಲೋಡಿಪಿನ್ ಎಂಬ ಬಿ.ಪಿ. ಮಾತ್ರೆಯ ಮೇಲೆ ಮದ್ಯದ ಪರಿಣಾಮ ಏನೆಂದು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿ ಗೊತ್ತಾಗದಿರಲಿ ಎಂದು ಗ್ರೇಪ್‌ಫ್ರೂಟ್ ರಸದಲ್ಲಿ ಬೆರೆಸಿ ಕೊಟ್ಟರು. ರಕ್ತದಲ್ಲಿ ಔಷಧದ ಮಟ್ಟ ನಿರೀಕ್ಷೆಗಿಂತ ಎಷ್ಟೋ ಹೆಚ್ಚಿತ್ತು. ಕಾರಣ ಮದ್ಯವಲ್ಲ, ರಸ! ಅದರಲ್ಲಿರುವ ಫ್ಯೂರನೊಕೌಮರಿನ್ ಎಂಬ ಅಂಶಗಳು ಕರುಳಿನ ಗೋಡೆಯಲ್ಲಿರುವ ಸಿವೈಪಿ3ಎ4 ಅನ್ನು ಕೆಡಿಸಿಬಿಡುತ್ತವೆ. ಕೆಟ್ಟ ಕಿಣ್ವ ರಿಪೇರಿ ಆಗುವುದಿಲ್ಲ, ದೇಹ ಹೊಸದನ್ನೇ ತಯಾರಿಸಬೇಕು. ಅದಕ್ಕೆ ಒಂದರಿಂದ ಮೂರು ದಿನ ಬೇಕು. ಬೆಳಿಗ್ಗೆ ಕುಡಿದ ಒಂದು ಲೋಟ ರಸ ರಾತ್ರಿಯ ಮಾತ್ರೆಯ ಮೇಲೂ ಪರಿಣಾಮ ಬೀರುವುದು ಇದರಿಂದಲೇ.

ಗ್ರೇಪ್‌ಫ್ರೂಟ್ ಎಂದರೆ ದ್ರಾಕ್ಷಿಯಲ್ಲ, ಹೆಸರು ಕೇಳಿ ಗೊಂದಲ ಬೇಡ. ಅದು ಕಿತ್ತಳೆಯ ಬಳಗದ ಹಣ್ಣು. ಕಿತ್ತಳೆಗೂ ನಮ್ಮ ಚಕ್ಕೋತಕ್ಕೂ ಹುಟ್ಟಿದ ತಳಿ. ಚಕ್ಕೋತದಲ್ಲೂ ಅದೇ ಬಗೆಯ ಅಂಶಗಳಿವೆ. ಅಂಗ ಕಸಿಯ ನಂತರ ಕೊಡುವ ಔಷಧಗಳ ಮಟ್ಟವನ್ನು ಚಕ್ಕೋತ ಏರಿಸಿದ್ದು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. ಭೌಗೋಳಿಕ ಸೂಚಿಕೆ ಮಾನ್ಯತೆ ಪಡೆದ ದೇವನಹಳ್ಳಿ ಚಕ್ಕೋತ ನಮ್ಮ ಹೆಮ್ಮೆ. ಆರೋಗ್ಯವಂತರು ಖುಷಿಯಾಗಿ ತಿನ್ನಿ. ಕಿಡ್ನಿ ಕಸಿ ಮಾಡಿಸಿಕೊಂಡವರು, ಕೊಲೆಸ್ಟ್ರಾಲ್‌ಗೆ ಸಿಮ್ವಾಸ್ಟಾಟಿನ್ ಅಥವಾ ಅಟೊರ್ವಾಸ್ಟಾಟಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳಿ ತಿನ್ನುವುದು ಒಳ್ಳೆಯದು.

ಹಣ್ಣಿನ ಕಥೆ ಸ್ವಾರಸ್ಯಕರವಾಗಿದ್ದರೂ ಮಾತ್ರೆಗಳ ನಡುವೆ ಇದೇ ನಡೆದಾಗ ಜೀವವೇ ಹೋಗಬಹುದು. ಅಮೆರಿಕದಲ್ಲಿ 1985ರಿಂದ ಟರ್ಫೆನಡಿನ್ ಎಂಬ ಅಲರ್ಜಿ ಮಾತ್ರೆ ಜನಪ್ರಿಯವಾಗಿತ್ತು. ನಿದ್ದೆ ತರಿಸದು ಎಂಬುದೇ ಅದರ ಹೆಗ್ಗಳಿಕೆ. 1990ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ 39 ವರ್ಷದ ಮಹಿಳೆಯ ಪ್ರಕರಣ ಪ್ರಕಟವಾಯಿತು. ಆಕೆ ಟರ್ಫೆನಡಿನ್ ಜೊತೆಗೆ ಕೀಟೊಕೋನಜೋಲ್ ಎಂಬ ಶಿಲೀಂಧ್ರ ಸೋಂಕಿನ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. ಪದೇ ಪದೇ ಎಚ್ಚರ ತಪ್ಪುತ್ತಿತ್ತು. ಕೀಟೊಕೋನಜೋಲ್ ಗಿರಣಿಯನ್ನು ನಿಲ್ಲಿಸಿದ್ದರಿಂದ ಟರ್ಫೆನಡಿನ್ ರಕ್ತದಲ್ಲಿ ರಾಶಿ ಬಿದ್ದು, ಹೃದಯದ ಬಡಿತದ ಲಯವನ್ನೇ ಕೆಡಿಸಿತ್ತು. ಇಂಥ ಪ್ರಕರಣಗಳಲ್ಲಿ ಸಾವುಗಳೂ ಸಂಭವಿಸಿದವು. 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಟರ್ಫೆನಡಿನ್ ಅನ್ನು ಹಿಂತೆಗೆದುಕೊಳ್ಳಲಾಯಿತು. ಅದರ ಜಾಗಕ್ಕೆ ಬಂದ ಫೆಕ್ಸೊಫೆನಡಿನ್ ಇವತ್ತು ನಮ್ಮ ಮೆಡಿಕಲ್ ಶಾಪ್‌ಗಳಲ್ಲೂ ಸಿಗುತ್ತದೆ, ಅದಕ್ಕೆ ಈ ದೋಷವಿಲ್ಲ.

ಈಗ ನಮ್ಮ ಮನೆಗಳಿಗೆ ಬರೋಣ. ಹುಳುಕಡ್ಡಿಗೆ ಇಟ್ರಾಕೋನಜೋಲ್ ಕ್ಯಾಪ್ಸೂಲ್ ಕೊಡುವುದು ಈಗ ಸಾಮಾನ್ಯ. ಅದೂ ಕೀಟೊಕೋನಜೋಲ್‌ನ ಸಂಬಂಧಿಯೇ, ಗಿರಣಿ ನಿಲ್ಲಿಸುವುದರಲ್ಲಿ ಅಷ್ಟೇ ಗಟ್ಟಿಗ. ಸಿಮ್ವಾಸ್ಟಾಟಿನ್ ಜೊತೆ ಅದನ್ನು ಕೊಡಲೇಬಾರದು, ಸ್ನಾಯುಗಳು ನಾಶವಾಗಿ ಕಿಡ್ನಿಗೆ ಪೆಟ್ಟು ಬೀಳಬಹುದು. ಅದೇ ಕುಟುಂಬದ ಫ್ಲುಕೋನಜೋಲ್, ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಅನ್ನು ಒಡೆಯುವ ಇನ್ನೊಂದು ಕಿಣ್ವವನ್ನು ತಡೆಯುತ್ತದೆ. ಆಗ ಶುಗರ್ ಇದ್ದಕ್ಕಿದ್ದಂತೆ ಕುಸಿಯಬಹುದು. ಚರ್ಮದ ವೈದ್ಯರಿಗೆ ‘ನನಗೆ ಶುಗರ್ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ನಡೀತಾ ಇದೆ’ ಎಂದು ನೀವು ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ?

ಕೆಲವು ಔಷಧಗಳಿಗೆ ಗಿರಣಿ ಶತ್ರುವಲ್ಲ, ಮಿತ್ರ. ಬೀಸಿದ ಮೇಲೆಯೇ ಅವುಗಳಿಗೆ ಶಕ್ತಿ ಬರುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್ ಅಂಥದ್ದು. ಅದನ್ನು ಸಕ್ರಿಯಗೊಳಿಸುವ ಕಿಣ್ವವನ್ನು ‘ಗ್ಯಾಸ್ ಮಾತ್ರೆ’ ಎಂದೇ ಹೆಸರಾದ ಒಮೆಪ್ರಜೋಲ್ ತಡೆಯುತ್ತದೆ. ಆಗ ಕ್ಲೋಪಿಡೋಗ್ರೆಲ್‌ನ ಬಲ ಕುಗ್ಗುತ್ತದೆ. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಜೋಡಿಯ ಬಗ್ಗೆ ಎಚ್ಚರಿಕೆ ಕೊಟ್ಟಿತು. ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ತೆಗೆದುಕೊಂಡರೂ ಈ ತೊಂದರೆ ತಪ್ಪುವುದಿಲ್ಲ ಎಂದು ಅದು ಸ್ಪಷ್ಟವಾಗಿಯೇ ಹೇಳಿತು. ‘ಅಂತರ ಕೊಟ್ಟರೆ ಸಾಕು’ ಎಂಬ ನಂಬಿಕೆಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ. ಪರಿಹಾರ ಇರುವುದು ಗಡಿಯಾರದಲ್ಲಲ್ಲ, ಮಾತ್ರೆ ಬದಲಿಸುವುದರಲ್ಲಿ. ಪ್ಯಾಂಟೊಪ್ರಜೋಲ್‌ನಂಥ ಬೇರೆ ಮಾತ್ರೆಗೆ ಈ ಪ್ರಭಾವ ಕಡಿಮೆ. ಬದಲಿಸುವ ತೀರ್ಮಾನ ಮಾತ್ರ ವೈದ್ಯರದು.

ಗಿರಣಿಯ ವೇಗ ಹೆಚ್ಚಿಸುವವೂ ಇವೆ

ಕಲ್ಲು ನಿಲ್ಲಿಸುವವು ಇದ್ದಂತೆ, ಹೊಸ ಕಲ್ಲುಗಳನ್ನು ಕೂರಿಸಿ ಬೇಗ ಬೇಗ ಬೀಸಿಬಿಡುವವೂ ಇವೆ. ಟಿ.ಬಿ. ಚಿಕಿತ್ಸೆಯ ಬೆನ್ನೆಲುಬಾದ ರಿಫಾಂಪಿಸಿನ್ ಇವುಗಳಲ್ಲಿ ಮೊದಲನೆಯದು. ಜಗತ್ತಿನಲ್ಲೇ ಅತಿ ಹೆಚ್ಚು ಟಿ.ಬಿ. ರೋಗಿಗಳಿರುವ ದೇಶ ನಮ್ಮದು, ಹಾಗಾಗಿ ಇದು ನಮಗೆ ದೂರದ ಮಾತಲ್ಲ.

ರಿಫಾಂಪಿಸಿನ್ ಶುರುವಾದ ಒಂದೆರಡು ವಾರದಲ್ಲಿ ಲಿವರ್ ಹೆಚ್ಚು ಕಿಣ್ವ ತಯಾರಿಸತೊಡಗುತ್ತದೆ. ಬೇರೆ ಔಷಧಗಳು ಕೆಲಸ ಮಾಡುವ ಮೊದಲೇ ಒಡೆದುಹೋಗುತ್ತವೆ. ಗರ್ಭನಿರೋಧಕ ಮಾತ್ರೆಗಳು ಕೈಕೊಡುತ್ತವೆ ಎಂಬುದು 1970ರ ದಶಕದ ಆರಂಭದಲ್ಲೇ ವೈದ್ಯರ ಗಮನಕ್ಕೆ ಬಂದಿತ್ತು. ಟಿ.ಬಿ. ಚಿಕಿತ್ಸೆಯಲ್ಲಿರುವ ಮಹಿಳೆಯರು ಮಾತ್ರೆಯೊಂದನ್ನೇ ನಂಬಬಾರದು. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಸುಮಾರು ನಾಲ್ಕು ವಾರ ಬೇರೆ ವಿಧಾನ ಬೇಕು. ಎಚ್‌ಐವಿಗೆ ಕೊಡುವ ಡೊಲುಟೆಗ್ರಾವಿರ್ ಅನ್ನು ಟಿ.ಬಿ. ಚಿಕಿತ್ಸೆಯ ಹೊತ್ತಿನಲ್ಲಿ ದಿನಕ್ಕೆ ಒಂದರ ಬದಲು ಎರಡು ಸಲ ಕೊಡುವುದೂ ಇದೇ ಕಾರಣಕ್ಕೆ.

ಇಲ್ಲಿ ಪರಿಣಾಮ ಶುರುವಾಗಲು ವಾರ ಬೇಕು, ಇಳಿಯಲೂ ವಾರಗಳು ಬೇಕು. ಗಂಟೆಯ ಅಂತರ ಏನು ಮಾಡೀತು?

ಮೂರನೆಯ ಬಗೆ: ಒಂದೇ ಕಡೆಗೆ ಎಳೆಯುವವು

ಕೆಲವು ಜೋಡಿಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಎರಡೂ ದೇಹವನ್ನು ಒಂದೇ ದಿಕ್ಕಿಗೆ ಎಳೆಯುತ್ತವೆ, ಇಲ್ಲವೇ ಒಂದು ಎಳೆದ ಕಡೆಗೆ ವಿರುದ್ಧವಾಗಿ ಇನ್ನೊಂದು ಎಳೆಯುತ್ತದೆ. ನಮ್ಮ ಮನೆಗಳಲ್ಲಿ ಹೆಚ್ಚು ನಡೆಯುವುದು ಇದೇ.

• ರಕ್ತ ತೆಳು ಮಾಡುವ ಮಾತ್ರೆ ಮತ್ತು ನೋವಿನ ಮಾತ್ರೆ: ಕೃತಕ ಕವಾಟ ಹಾಕಿಸಿಕೊಂಡವರು ವಾರ್ಫರಿನ್ ಅಥವಾ ಅಸೆನೊಕುಮರಾಲ್ ತೆಗೆದುಕೊಳ್ಳುತ್ತಾರೆ. ಅದರ ಜೊತೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ನುಂಗಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮಲ ಡಾಂಬರಿನಂತೆ ಕಪ್ಪಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

• ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಮತ್ತು ನೋವಿನ ಮಾತ್ರೆ: ಟೆಲ್ಮಿಸಾರ್ಟನ್ ಅಥವಾ ರಾಮಿಪ್ರಿಲ್ ಜೊತೆ ಮೂತ್ರ ಹೆಚ್ಚಿಸುವ ಮಾತ್ರೆ ಕೊಡುವುದು ಸಾಮಾನ್ಯ. ಇದಕ್ಕೆ ಮಂಡಿ ನೋವಿನ ಮಾತ್ರೆಯೂ ಸೇರಿದರೆ ಮೂರೂ ಮೂರು ಕಡೆಯಿಂದ ಕಿಡ್ನಿಯ ರಕ್ತ ಸಂಚಾರವನ್ನು ತಗ್ಗಿಸುತ್ತವೆ. ವಾಂತಿ-ಭೇದಿಯಾಗಿ ನೀರಿನಂಶ ಕಡಿಮೆಯಾದಾಗಲಂತೂ ಕಿಡ್ನಿ ದಿಢೀರನೆ ಸೋಲಬಹುದು. ನೋವಿನ ಮಾತ್ರೆಗಳು ಬಿ.ಪಿ.ಯನ್ನೂ ಏರಿಸುತ್ತವೆ.

• ನಿದ್ದೆ ಮಾತ್ರೆ ಮತ್ತು ಮದ್ಯ: ಆಲ್ಪ್ರಜೋಲಮ್‌ನಂಥ ಮಾತ್ರೆಯೂ ಮದ್ಯವೂ ಮೆದುಳನ್ನು ಮಂಕಾಗಿಸುತ್ತವೆ. ಎರಡೂ ಸೇರಿದರೆ ಉಸಿರಾಟವೇ ನಿಧಾನವಾಗಬಹುದು.

• ಎದೆನೋವಿನ ನೈಟ್ರೇಟ್ ಮಾತ್ರೆ ಮತ್ತು ಸಿಲ್ಡೆನಾಫಿಲ್: ನಾಲಿಗೆ ಅಡಿ ಇಡುವ ಸಾರ್ಬಿಟ್ರೇಟ್‌ನಂಥ ಮಾತ್ರೆ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಲೈಂಗಿಕ ಶಕ್ತಿಗೆಂದು ತೆಗೆದುಕೊಳ್ಳುವ ಸಿಲ್ಡೆನಾಫಿಲ್ ಕೂಡ ಅದನ್ನೇ ಮಾಡುತ್ತದೆ. ಎರಡೂ ಸೇರಿದರೆ ಬಿ.ಪಿ. ಪಾತಾಳಕ್ಕಿಳಿದು ಸಾವು ಸಂಭವಿಸಬಹುದು. ಸಿಲ್ಡೆನಾಫಿಲ್ ನುಂಗಿ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಕಳೆಯುವವರೆಗೆ ನೈಟ್ರೇಟ್ ಕೊಡಬಾರದು ಎಂಬುದು ವೈದ್ಯಕೀಯ ನಿಯಮ. ‘ಎದೆನೋವು ಬಂದರೆ ಯಾರೇ ಆಗಲಿ ಈ ಮಾತ್ರೆ ನಾಲಿಗೆ ಅಡಿ ಇಡಿ’ ಎಂಬ ಫಾರ್ವರ್ಡ್ ಹಂಚುವವರು ಇದನ್ನೊಮ್ಮೆ ಯೋಚಿಸಬೇಕು. ಎದೆನೋವಿನ ರೋಗಿ ನಾಚಿಕೆಯಿಂದ ಈ ಸಂಗತಿ ಮುಚ್ಚಿಡಲೂಬಾರದು. ಆಸ್ಪತ್ರೆಯಲ್ಲಿ ಹೇಳಿಬಿಡುವುದು ಜೀವ ಉಳಿಸುವ ಮಾತು.

• ಒಂದೇ ಔಷಧ, ಎರಡು ಹೆಸರು: ಜ್ವರಕ್ಕೆ ಡೋಲೋ, ನೆಗಡಿಗೆ ಇನ್ನೊಂದು ಮಾತ್ರೆ, ಮೈಕೈ ನೋವಿಗೆ ಮತ್ತೊಂದು. ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ, ಅಂದರೆ 650 ಮಿ.ಗ್ರಾಂ.ನ 6 ಮಾತ್ರೆ. ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ, ದಿನಾ ಕುಡಿಯುವವರಿಗೆ ಮಿತಿ ಇನ್ನೂ ಕಡಿಮೆ. ಮೀರಿದರೆ ಲಿವರ್ ಕೆಡುತ್ತದೆ. ಸ್ಟ್ರಿಪ್ ಮೇಲೆ ದೊಡ್ಡಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಜೊತೆ ಸಣ್ಣಕ್ಷರದಲ್ಲಿ ಮುದ್ರಿಸಿರುವ ಔಷಧದ ಹೆಸರನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಕಷಾಯ, ಮನೆಮದ್ದು ಲೆಕ್ಕಕ್ಕಿಲ್ಲವೇ?

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮ್ಮಲ್ಲಿದೆ. ವಾಸ್ತವದಲ್ಲಿ ಹಿತ್ತಲ ಗಿಡವೂ ಮದ್ದೇ. ಅದಕ್ಕೆ ಗುಣವಿದೆ ಎಂದರೆ ಇನ್ನೊಂದು ಮದ್ದಿನ ಜೊತೆ ಜಗಳವಾಡುವ ಶಕ್ತಿಯೂ ಇದೆ ಎಂದೇ ಅರ್ಥ. ‘ಗುಣ ಇದೆ, ಆದರೆ ಏನೂ ಮಾಡಲ್ಲ’ ಎರಡೂ ಒಟ್ಟಿಗೆ ನಿಜವಾಗಲಾರದು.

ಕಾಳುಮೆಣಸನ್ನೇ ನೋಡಿ. ಅದರ ಖಾರಕ್ಕೆ ಕಾರಣವಾದ ಪೈಪರಿನ್, ಕೆಲವು ಔಷಧಗಳು ರಕ್ತಕ್ಕೆ ಹೆಚ್ಚು ಸೇರುವಂತೆ ಮಾಡುತ್ತದೆ. ಜಮ್ಮುವಿನ ಸಿಎಸ್‌ಐಆರ್ ಸಂಸ್ಥೆಯ ವಿಜ್ಞಾನಿಗಳು ಇದನ್ನೇ ಬಳಸಿಕೊಂಡು, ಟಿ.ಬಿ.ಯ ರಿಫಾಂಪಿಸಿನ್ ಪ್ರಮಾಣವನ್ನು ಕಡಿಮೆ ಮಾಡಿ ಪೈಪರಿನ್ ಸೇರಿಸಿದ ಮಾತ್ರೆಯನ್ನೇ ರೂಪಿಸಿದರು. ಮೂರ್ಛೆ ರೋಗಕ್ಕೆ ಕೊಡುವ ಫೆನಿಟೊಯಿನ್ ಮಟ್ಟವನ್ನೂ ಪೈಪರಿನ್ ಏರಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ಸಾರಿಗೆ ಹಾಕುವ ನಾಲ್ಕು ಕಾಳಿಗೆ ಹೆದರಬೇಕಿಲ್ಲ. ದಿನಕ್ಕೆ ಮೂರು ಹೊತ್ತು ಗಟ್ಟಿ ಮೆಣಸಿನ ಕಷಾಯ, ಪೈಪರಿನ್ ಸೇರಿಸಿದ ಅರಿಶಿನದ ಕ್ಯಾಪ್ಸೂಲ್ ಬೇರೆ ಮಾತು.

ಕೆಮ್ಮಿಗೆ ಅಗಿಯುವ ಜ್ಯೇಷ್ಠಮಧು ಅಥವಾ ಅತಿಮಧುರ ದಿನಗಟ್ಟಲೆ ಹೆಚ್ಚಾಗಿ ಸೇವಿಸಿದರೆ ಬಿ.ಪಿ. ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಇಳಿಯುವುದು ಅಪಾಯ. ಇನ್ನೊಂದು ತುದಿಯಲ್ಲಿ ಎಳನೀರಿದೆ. ಪೊಟ್ಯಾಸಿಯಂ ತುಂಬಿರುವ ಅದು ಆರೋಗ್ಯವಂತರಿಗೆ ಅಮೃತ. ಕಿಡ್ನಿ ದುರ್ಬಲವಾಗಿದ್ದು, ಟೆಲ್ಮಿಸಾರ್ಟನ್ ಅಥವಾ ಸ್ಪೈರನೊಲ್ಯಾಕ್ಟೋನ್ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಮೊದಲೇ ಏರಿರುತ್ತದೆ. ಅವರು ದಿನಾ ಎಳನೀರು ಕುಡಿಯುವ ಮೊದಲು, ಲೋ ಸೋಡಿಯಂ ಉಪ್ಪಿಗೆ ಬದಲಾಗುವ ಮೊದಲು ಕೇಳಬೇಕು.

ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕೆಂಬ ಮಾತೂ ಪೂರ್ತಿ ಸರಿಯಲ್ಲ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಔಷಧದ ವಿರುದ್ಧ ಕೆಲಸ ಮಾಡುತ್ತದೆ, ನಿಜ. ಆದರೆ ಬೇಕಾಗಿರುವುದು ಬಿಡುವುದಲ್ಲ, ಹೆಚ್ಚುಕಡಿಮೆ ಮಾಡದಿರುವುದು. ಒಂದು ವಾರ ದಿನಾ ಸೊಪ್ಪು, ಮುಂದಿನ ವಾರ ಬರೀ ಬೇಳೆ ಎಂದಾದರೆ ರಕ್ತ ಪರೀಕ್ಷೆಯ ಅಂಕಿ ಏರಿಳಿಯುತ್ತದೆ.

ಕೊನೆಯದಾಗಿ, ಲೇಬಲ್ ಇಲ್ಲದ ‘ಸಂಧಿವಾತದ ಪುಡಿ’. ಗಿಡಮೂಲಿಕೆ ಎಂದು ಮಾರುವ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್, ನೋವಿನ ಔಷಧ ಬೆರೆಸಿದ್ದು ಪತ್ತೆಯಾದ ಉದಾಹರಣೆಗಳಿವೆ. ಏನಿದೆ ಎಂದೇ ಗೊತ್ತಿಲ್ಲದ್ದನ್ನು ಯಾವ ವೈದ್ಯರೂ ಲೆಕ್ಕಕ್ಕೆ ಹಿಡಿಯಲಾರರು.

ಹಾಗಾದರೆ ಒಟ್ಟಿಗೆ ಕೊಡುವುದೇ ತಪ್ಪೇ?

ಇಲ್ಲ. ಎಷ್ಟೋ ಸಲ ವೈದ್ಯರು ಬೇಕೆಂದೇ ಜೋಡಿ ಮಾಡುತ್ತಾರೆ. ಬ್ಯಾಕ್ಟೀರಿಯಾಗಳು ಅಮಾಕ್ಸಿಸಿಲಿನ್ ಅನ್ನು ಒಡೆದುಹಾಕುವುದನ್ನು ಕ್ಲಾವುಲನಿಕ್ ಆಮ್ಲ ತಡೆಯುತ್ತದೆ. ಪಾರ್ಕಿನ್ಸನ್ ಕಾಯಿಲೆಯ ಲೆವೊಡೋಪಾ ಮೆದುಳು ತಲುಪುವ ಮೊದಲೇ ವ್ಯರ್ಥವಾಗದಂತೆ ಕಾರ್ಬಿಡೋಪಾ ಕಾಯುತ್ತದೆ. ಟಿ.ಬಿ.ಗೆ ಒಂದೇ ಔಷಧ ಕೊಟ್ಟರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ, ಅದಕ್ಕೇ ಹಲವನ್ನು ಒಟ್ಟಿಗೆ ಕೊಡುತ್ತಾರೆ. ಪೆನಿಸಿಲಿನ್ ದುಬಾರಿಯಾಗಿದ್ದ ಆರಂಭದ ವರ್ಷಗಳಲ್ಲಿ ರೋಗಿಗಳ ಮೂತ್ರದಿಂದಲೇ ಅದನ್ನು ಮರಳಿ ತೆಗೆಯುತ್ತಿದ್ದರು. ಮುಂದೆ, ಕಿಡ್ನಿ ಅದನ್ನು ಹೊರಹಾಕದಂತೆ ತಡೆಯುವ ಪ್ರೊಬೆನೆಸಿಡ್ ಬಂತು.

ಎಲ್ಲ ಜೋಡಿಯೂ ಹೀಗೆ ಯೋಚಿಸಿ ಮಾಡಿದ್ದಲ್ಲ ಎಂಬುದೂ ನಿಜ. ಒಂದೇ ಮಾತ್ರೆಯಲ್ಲಿ ಹಲವು ಔಷಧ ಬೆರೆಸಿದ, ಆದರೆ ವೈಜ್ಞಾನಿಕ ಸಮರ್ಥನೆ ಇಲ್ಲದ 328 ಮಿಶ್ರಣಗಳನ್ನು ಕೇಂದ್ರ ಸರ್ಕಾರ 2018ರಲ್ಲಿ, ಇನ್ನೂ 156ನ್ನು 2024ರಲ್ಲಿ ನಿಷೇಧಿಸಿತು.

ನಾವು ಏನು ಮಾಡಬೇಕು?

ಒಂದು ಸಣ್ಣ ಲೆಕ್ಕ. ಎರಡು ಔಷಧವಿದ್ದರೆ ಒಂದೇ ಜೋಡಿ. ಐದಾದರೆ 10 ಜೋಡಿ. ಹತ್ತಾದರೆ 45 ಜೋಡಿ. ಮನೆಯ ಹಿರಿಯರೊಬ್ಬರು ಹೃದಯಕ್ಕೆ ಒಬ್ಬ ವೈದ್ಯರು, ಶುಗರ್‌ಗೆ ಇನ್ನೊಬ್ಬರು, ಮಂಡಿ ನೋವಿಗೆ ಮತ್ತೊಬ್ಬರು, ಜೊತೆಗೆ ನಾಟಿ ವೈದ್ಯರ ಪುಡಿ ಎಂದು ನಾಲ್ಕು ಕಡೆ ಹೋದರೆ, ಆ 45 ಜೋಡಿಗಳನ್ನು ಒಟ್ಟಾಗಿ ನೋಡುವವರು ಯಾರೂ ಇರುವುದಿಲ್ಲ. ಆ ಜಾಗವನ್ನು ನೀವು ತುಂಬಬಹುದು, ಅದಕ್ಕೆ ಡಾಕ್ಟರ್ ಆಗಬೇಕಿಲ್ಲ.

1. ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಮೇಜಿನ ಮೇಲಿಟ್ಟು, ಔಷಧದ ಹೆಸರು ಮತ್ತು ಪ್ರಮಾಣ ಕಾಣುವಂತೆ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ಕಷಾಯ, ಪುಡಿ, ವಿಟಮಿನ್, ಕಣ್ಣಿನ ಹನಿ, ಗರ್ಭನಿರೋಧಕ, ಆಗೊಮ್ಮೆ ಈಗೊಮ್ಮೆ ನುಂಗುವ ನೋವಿನ ಮಾತ್ರೆ ಎಲ್ಲವೂ ಅದರಲ್ಲಿರಲಿ. ಮದ್ಯದ ಅಭ್ಯಾಸವಿದ್ದರೆ ಅದನ್ನೂ ಹೇಳಿ.

2. ಯಾವ ವೈದ್ಯರ ಬಳಿ ಹೋದರೂ ಮೊದಲು ಆ ಫೋಟೊ ತೋರಿಸಿ. ಹಲ್ಲಿನ ಡಾಕ್ಟರ್, ಚರ್ಮದ ಡಾಕ್ಟರ್ ಯಾರೇ ಆಗಲಿ.

3. ಮೆಡಿಕಲ್ ಶಾಪ್‌ನಲ್ಲಿ ‘ಮಂಡಿ ನೋವಿಗೆ ಒಂದು ಮಾತ್ರೆ ಕೊಡಿ’ ಎನ್ನುವ ಬದಲು ‘ಬಿ.ಪಿ.ಗೆ, ಕಿಡ್ನಿಗೆ ಮಾತ್ರೆ ನಡೀತಾ ಇದೆ, ಇದು ಆಗುತ್ತಾ?’ ಎಂದು ಫಾರ್ಮಾಸಿಸ್ಟ್‌ರನ್ನು ಕೇಳಿ.

4. ಹೊಸ ಮಾತ್ರೆ ಸೇರಿದಾಗ ಮೂರು ಪ್ರಶ್ನೆ ಕೇಳಿ: ಹಳೆಯದರ ಜೊತೆ ನಡೆಯುತ್ತದೆಯೇ? ಅಂತರ ಬೇಕೇ, ಎಷ್ಟು? ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು?

5. ಈ ಲೇಖನ ಓದಿ ಹೆದರಿ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್‌ನ ಮಾತ್ರೆ, ಮೂರ್ಛೆ ರೋಗದ ಮಾತ್ರೆ ದಿಢೀರನೆ ನಿಲ್ಲಿಸುವುದು ಯಾವ ಜೋಡಿಗಿಂತಲೂ ದೊಡ್ಡ ಅಪಾಯ ತರಬಹುದು.

ಹೊಸ ಮಾತ್ರೆ ಶುರುವಾದ ಮೇಲೆ ಎಚ್ಚರ ತಪ್ಪುವುದು, ಅತಿಯಾದ ಮಂಪರು, ಬೆವರಿ ನಡುಕ, ಕಪ್ಪು ಮಲ, ಒಸಡಿನಲ್ಲಿ ರಕ್ತ, ಮೈಯೆಲ್ಲ ಸ್ನಾಯು ನೋವಿನ ಜೊತೆ ಕಡುಬಣ್ಣದ ಮೂತ್ರ, ಮೂತ್ರವೇ ಕಡಿಮೆಯಾಗುವುದು, ಇವು ಕಂಡರೆ ಕಾಯಬೇಡಿ. ತುರ್ತಿದ್ದರೆ 108ಕ್ಕೆ ಕರೆ ಮಾಡಿ, ಸ್ಟ್ರಿಪ್‌ಗಳನ್ನು ಜೊತೆಗೇ ಒಯ್ಯಿರಿ. ಔಷಧದಿಂದ ಆದ ತೊಂದರೆಯನ್ನು ಭಾರತದ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿಗಳೂ ವರದಿ ಮಾಡಬಹುದು.

ನಮ್ಮ ತೀರ್ಮಾನ

‘ಒಂದು ಗಂಟೆ ಅಂತರ ಕೊಟ್ಟರೆ ಯಾವ ಔಷಧವೂ ಅಡ್ಡ ಬರುವುದಿಲ್ಲ’ ಎಂಬುದು ಸರಿಯಲ್ಲ. ಹೊಟ್ಟೆಯಲ್ಲಿ ಅಂಟಿಕೊಳ್ಳುವ ಕೆಲವು ಔಷಧಗಳಿಗೆ ಮಾತ್ರ ಅಂತರ ಪರಿಹಾರ, ಅದೂ ಸರಿಯಾದ ಅಂತರ. ಉಳಿದವಕ್ಕೆ ಪರಿಹಾರ ಗಡಿಯಾರವಲ್ಲ, ಪಟ್ಟಿ. ಇಂದು ರಾತ್ರಿ ಫ್ಯಾಮಿಲಿ ಗ್ರೂಪಿಗೆ ಏನಾದರೂ ಕಳುಹಿಸುವುದಿದ್ದರೆ, ಅಪ್ಪ-ಅಮ್ಮನ ಮಾತ್ರೆಗಳ ಆ ಫೋಟೊ ಕಳುಹಿಸಿ. ಅವರನ್ನು ಮುಂದಿನ ಸಲ ಆಸ್ಪತ್ರೆಗೆ ಕರೆದೊಯ್ಯುವವರು ಯಾರೇ ಆದರೂ ಅವರ ಕೈಯಲ್ಲಿ ಅದು ಇರಲಿ.